ಬಲಗಡೆಯ ಹೂವು

ನನ್ನ ಮಗಳಿಗೆ ಅಮೆರಿಕದ ಎರಡು ಆಸ್ಟಿಯೋಪಥಿಕ್ ಮೆಡಿಕಲ್ ಕಾಲೇಜುಗಳಲ್ಲಿ ಸೀಟು ಸಿಕ್ಕಿದ ಸುದ್ದಿ ಆಸ್ಟ್ರೇಲಿಯಾದ ಪರ್ತ್ ನಗರದ ಪಿಯಾರಾ ವಾಟರ್ಸ್‌ನ ನಮ್ಮ ಬೀದಿಯಲ್ಲಿ ಹರಡಿದಾಗ ಎದುರು ಮನೆಯಾಕೆ ಕೇಳಿದ ಮೊದಲ ಪ್ರಶ್ನೆ, "ಅದು ಬೆನ್ನು ಉಜ್ಜೋ ಡಾಕ್ಟ್ರಲ್ವೇನ್ರೀ?" ಆಕೆಯ ತಪ್ಪೇನಿಲ್ಲ. ಪರ್ತ್‌ನಲ್ಲಿ ಆಸ್ಟಿಯೋಪಾತ್ ಎಂದರೆ ಸೊಂಟ ಹಿಡಿದುಕೊಂಡಾಗ ನೆನಪಾಗುವ ಮನುಷ್ಯ. ಅಮೆರಿಕದಲ್ಲಿ ಮಾತ್ರ ಆ ಕಾಲೇಜುಗಳಲ್ಲಿ ಓದಿದವರು ಪೂರ್ತಿ ಡಾಕ್ಟರುಗಳೇ. ಔಷಧಿ ಬರೆಯುತ್ತಾರೆ, ಆಪರೇಷನ್ ಮಾಡುತ್ತಾರೆ. ಇದನ್ನು ಆ ಬೇಸಿಗೆಯಲ್ಲಿ ನಾನು ಎಷ್ಟು ಜನಕ್ಕೆ ಬಿಡಿಸಿ ಹೇಳಿದೆನೆಂದರೆ, ನಮ್ಮ ಯಜಮಾನರು "ನೀನೇ ಹೋಗಿ ಸೇರ್ಕೊಂಡ್ಬಿಡೇ, ಇಂಟರ್‌ವ್ಯೂ ಚೆನ್ನಾಗಿ ಕೊಡ್ತೀಯ" ಎಂದು ರೇಗಿಸಿದರು.

ಅವರು ಭೂವಿಜ್ಞಾನಿ. ಎರಡು ವಾರ ಉತ್ತರದ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ಹಿಂದೆ ಅಮೆರಿಕದ ಗಣಿಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗಲೇ ಮಗಳು ಹುಟ್ಟಿದ್ದು. ಆ ದೇಶದ ಪಾಸ್‌ಪೋರ್ಟ್ ಬಹಳ ಕಾಲ ಬೀರುವಿನಲ್ಲಿ ಸುಮ್ಮನೆ ಮಲಗಿತ್ತು. ಇಲ್ಲಿನ ಮೆಡಿಕಲ್ ಕಾಲೇಜುಗಳು ಮತ್ತೆ ಮತ್ತೆ ಆಗಲ್ಲ ಎಂದಾಗ ಅದು ಕೆಲಸಕ್ಕೆ ಬಂತು.

ಎರಡು ಕಾಲೇಜು. ಒಂದು ಹಳೆಯದು, ಚಳಿಗಾಲದಲ್ಲಿ ಮೊಣಕಾಲಿನವರೆಗೆ ಹಿಮ ಬೀಳುವ ಊರಿನದು. ಅಲ್ಲಿ ನಮಗೆ ನರಪಿಳ್ಳೆ ಗೊತ್ತಿಲ್ಲ. ಇನ್ನೊಂದು ಹೊಸದು, ಇನ್ನೂ ಒಂದು ಬ್ಯಾಚೂ ಓದು ಮುಗಿಸಿ ಹೊರಗೆ ಬಂದಿರಲಿಲ್ಲ. ಆದರೆ ನನ್ನ ಅಣ್ಣನ ಮನೆಯಿಂದ ಕಾರಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ನನಗೆ ಅಷ್ಟೇ ಸಾಕಾಗಿತ್ತು.

ಮಗಳ ಲೆಕ್ಕ ಬೇರೆ. ನಾಲ್ಕು ವರ್ಷ ಓದಿ ಡಿಗ್ರಿ ತೆಗೆದುಕೊಂಡ ಮಾತ್ರಕ್ಕೆ ಅಲ್ಲಿ ಡಾಕ್ಟರಾಗಿ ಕೆಲಸ ಮಾಡುವಂತಿಲ್ಲ. ಆಸ್ಪತ್ರೆಯೊಂದರಲ್ಲಿ ತರಬೇತಿ ಸಿಗಬೇಕು. ಅದಕ್ಕೆ ರೆಸಿಡೆನ್ಸಿ ಎನ್ನುತ್ತಾರೆ. ವಿದ್ಯಾರ್ಥಿಗಳು ತಮಗೆ ಇಂಥಿಂಥ ಆಸ್ಪತ್ರೆ ಬೇಕು ಎಂದು ಬರೆದು ಕೊಡುತ್ತಾರೆ, ಆಸ್ಪತ್ರೆಗಳು ತಮಗೆ ಇಂಥಿಂಥವರು ಬೇಕು ಎಂದು ಬರೆಯುತ್ತವೆ. ಆಮೇಲೆ ಕಂಪ್ಯೂಟರು ಜಾತಕ ಕೂಡಿಸಿದ ಹಾಗೆ ಇಬ್ಬರನ್ನೂ ಕೂಡಿಸುತ್ತದೆ. ಮಾರ್ಚ್ ತಿಂಗಳಿನಲ್ಲಿ ಗೊತ್ತಾಗುತ್ತದೆ. ಕೂಡದೇ ಹೋದವರ ಗತಿ, ಡಿಗ್ರಿ ಕೈಯಲ್ಲಿ ಹಿಡಿದು ಬೀದಿಯಲ್ಲಿ ನಿಂತಂತೆ. ಹಳೆಯ ಕಾಲೇಜಿಗೆ ತನ್ನದೇ ಆಸ್ಪತ್ರೆಗಳಿದ್ದವು, ಓದಿದವರಲ್ಲಿ ಬಹಳ ಮಂದಿಗೆ ಅಲ್ಲೇ ಜಾಗ ಸಿಗುತ್ತಿತ್ತು. ಹೊಸದರ ವಿಷಯ ದೇವರಿಗೇ ಗೊತ್ತು.

"ಡ್ರಿಲ್ ಮಾಡದ ನೆಲದ ಮೇಲೆ ನಾವು ಗಣಿ ತೆಗೆಯಲ್ಲ ಕಣೇ" ಎಂದು ಇವರು ಫೋನಿನಲ್ಲಿ ಹೇಳಿದರು. "ಹಳೇದೇ ವಾಸಿ."

ಗಂಡನ ಮಾತು ಸರಿ, ಮಗಳ ಮಾತೂ ಸರಿ. ನನಗೆ ಅದು ಗೊತ್ತಿರಲಿಲ್ಲ ಎಂದು ಹೇಳಿದರೆ ನಾಲಗೆ ಬಿದ್ದುಹೋದೀತು. ಆದರೆ ಬ್ರಿಸ್ಬೇನಿನಲ್ಲಿ ಓದುವಾಗ ಅವಳು ಟೂವಾಂಗ್‌ನ ಬಾಡಿಗೆ ಕೋಣೆಯಲ್ಲಿ ಜ್ವರ ಬಂದು ವಾರಗಟ್ಟಲೆ ಮಲಗಿದ್ದಳು. ನನಗೆ ತಿಳಿದದ್ದು ಜ್ವರ ಬಿಟ್ಟ ಮೇಲೆ. ಅಂದಿನಿಂದ ನನಗೆ ಅದೇ ಹೆದರಿಕೆ. ಅಣ್ಣನ ಮನೆ ಪಕ್ಕದಲ್ಲಿದ್ದರೆ ವಾರಕ್ಕೊಮ್ಮೆ ಸಾರು ಅನ್ನವಾದರೂ ಸಿಗುತ್ತದೆ, ಮೈ ಬಿಸಿಯಾದರೆ ಹಣೆ ಮುಟ್ಟಿ ನೋಡುವವರು ಇರುತ್ತಾರೆ ಎಂದು ಹಟ ಹಿಡಿದೆ. ಕಣ್ಣೀರು ಹಾಕಿದೆ. ಊಟ ಬಿಟ್ಟೆ. ನಾಚಿಕೆಯಾಗಬೇಕು ನನಗೆ, ಡಾಕ್ಟರಾಗುವ ಮಗಳ ಮುಂದೆ ಸುಮ್ಮಸುಮ್ಮನೆ ಎದೆ ಹಿಡಿದುಕೊಂಡು ಕೂತೆ.

ಆಗ ನಮ್ಮತ್ತೆ ಮನೆಯಲ್ಲಿದ್ದರು. ಅವರಿರುವುದು ಅಡಿಲೇಡ್‌ನಲ್ಲಿ, ನನ್ನ ಮೈದುನನ ಜೊತೆ. ಬೇಸಿಗೆಗೆ ನಮ್ಮಲ್ಲಿಗೆ ಬಂದಿದ್ದರು. ತಾಯಿ ಮಗಳ ಜಟಾಪಟಿ ನೋಡಿ ನೋಡಿ ಸಾಕಾಗಿ ಒಂದು ಸಂಜೆ, "ಇಬ್ರೂ ಬಾಯಿ ಮುಚ್ಚಿ. ನಾಳೆ ಬೆಳಿಗ್ಗೆ ಹೂ ಕೇಳೋಣ" ಎಂದರು.

ನಮ್ಮ ಮನೆತನದಲ್ಲಿ ಇದು ಹಿಂದಿನಿಂದ ನಡೆದು ಬಂದದ್ದು. ಮನೆದೇವರ ಎರಡು ಭುಜದ ಮೇಲೂ ಒದ್ದೆ ಮಾಡಿದ ಒಂದೊಂದು ಹೂವಿಟ್ಟು ಪ್ರಶ್ನೆ ಕೇಳುವುದು. ಯಾವ ಕಡೆಯ ಹೂ ಮೊದಲು ಬೀಳುತ್ತದೋ ಅದೇ ದೇವರ ಮಾತು. ಗಂಡು ಹೆಣ್ಣು, ಮನೆ ಕಟ್ಟುವುದು, ಮಾರುವುದು, ಎಲ್ಲಕ್ಕೂ ನಮ್ಮತ್ತೆ ಹೂ ಕೇಳಿಯೇ ಮುಂದಿನ ಹೆಜ್ಜೆ ಇಟ್ಟವರು. ಅಮೆರಿಕದ ರೆಸಿಡೆನ್ಸಿಗೂ ಕೇಳಬೇಕಾದೀತೆಂದು ಅವರೂ ಅಂದುಕೊಂಡಿರಲಿಲ್ಲ.

ಮಗಳು ಒಪ್ಪುತ್ತಾಳೆಂದು ನಾನು ಎಣಿಸಿರಲಿಲ್ಲ. ಅವಳು ಅಜ್ಜಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಓಕೆ ಅಜ್ಜಿ. ಹೂ ಏನ್ ಹೇಳುತ್ತೋ ಅದು. ಪ್ರಾಮಿಸ್" ಎಂದಳು. ನಮ್ಮ ಜೊತೆ ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ಮುಖ್ಯವಾದದ್ದನ್ನು ಹೇಳುವಾಗ ಮಾತ್ರ ಕನ್ನಡಕ್ಕೆ ಬರುತ್ತಾಳೆ.

ಈಗ ಎ.ಸಿ.ಯ ವಿಷಯ ಹೇಳಲೇಬೇಕು. ನಮ್ಮ ದೇವರ ಮಂಟಪ ಇರುವುದು ಹಜಾರದಲ್ಲಿ. ದೇವರ ಬಲಗಡೆಯ ಗೋಡೆಯ ಮೇಲೆ ಎ.ಸಿ. ದಿನವೂ ದೀಪ ಹಚ್ಚುವ ಮುಂಚೆ ಅದನ್ನು ಆರಿಸುತ್ತೇನೆ, ಇಲ್ಲದಿದ್ದರೆ ದೀಪ ನಿಲ್ಲುವುದಿಲ್ಲ. ಅದಕ್ಕೆಂದೇ ರಿಮೋಟು ಮಂಟಪದ ಪಕ್ಕದಲ್ಲೇ ಇರುತ್ತದೆ. ಆ ಬೆಳಿಗ್ಗೆ ಮಾತ್ರ ಆರಿಸಲಿಲ್ಲ. ಫೆಬ್ರವರಿಯ ಬಿಸಿಲು ಬೆಳಿಗ್ಗೆಯೇ ನೆತ್ತಿ ಸುಡುತ್ತಿತ್ತು, ಅತ್ತೆಗೆ ಸೆಕೆಯಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಮರೆತೆನೋ, ಮರೆತಂತೆ ಮಾಡಿದೆನೋ? ಇದನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮರೆತಿದ್ದರೆ ದೀಪಕ್ಕೆ ಗಾಜಿನ ಬುರುಡೆ ಯಾಕೆ ಮುಚ್ಚಿದೆ?

ಹಿತ್ತಲಿನ ದೇವಕಣಗಿಲೆ ಹೂವನ್ನು ಅತ್ತೆ ನೀರಿನಲ್ಲಿ ಅದ್ದಿ ದೇವರ ಎರಡೂ ಭುಜಕ್ಕೆ ಏರಿಸಿದರು. ಕೈಮುಗಿದು, "ಸೋದರಮಾವನ ಊರೇ ಸರಿ ಅನ್ನೋದಾದ್ರೆ ಬಲಗಡೆ ಕೊಡಪ್ಪ. ಹಿಮದ ಊರಿಗೇ ಹೋಗ್ಲಿ ಅನ್ನೋದಾದ್ರೆ ಎಡಗಡೆ" ಎಂದರು. ಮಗಳು ನನ್ನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು ದೇವರನ್ನೇ ನೋಡುತ್ತಿದ್ದಳು, ಹಾಗಂತ ನಾನು ಅಂದುಕೊಂಡೆ. ರಿಮೋಟು ನನ್ನ ಮಡಿಲಿನಲ್ಲಿತ್ತು. ಬೆರಳು ಗುಂಡಿಯ ಮೇಲೇ ಇತ್ತು. ಒತ್ತಲಿಲ್ಲ.

ಎಡಗಡೆಯ ಹೂ ಪ್ರಭಾವಳಿಯ ಮರೆಯಲ್ಲಿ ಅಲುಗಾಡದೆ ಕೂತಿತ್ತು. ಬಲಗಡೆಯದು ಒಮ್ಮೆ ನಡುಗಿತು, ವಾಲಿತು, ಬಿತ್ತು.

"ಕೊಟ್ಟ ನೋಡು!" ಎಂದರು ಅತ್ತೆ. ನಾನು ಜೋರಾಗಿ ಘಂಟೆ ಬಾರಿಸಿದೆ. ಮಗಳು ಎದ್ದು ಅಜ್ಜಿಗೆ ನಮಸ್ಕಾರ ಮಾಡಿದಳು, ನನಗೂ ಮಾಡಿದಳು. ಆವತ್ತು ಮಧ್ಯಾಹ್ನವೇ ಹಳೆಯ ಕಾಲೇಜಿಗೆ ಬರುವುದಿಲ್ಲ ಎಂದು ತಿಳಿಸಿಬಿಟ್ಟಳು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುತ್ತಾರಲ್ಲ, ಆ ಪೂಜಾರಿ ನಾನೇ. ಆದರೂ ಆ ರಾತ್ರಿ ನನಗೆ ಎಷ್ಟೋ ತಿಂಗಳ ಮೇಲೆ ಒಳ್ಳೆಯ ನಿದ್ದೆ ಬಂತು. ಇವತ್ತಿಗೂ ನನ್ನನ್ನು ಚುಚ್ಚುವುದು ಆ ನಿದ್ದೆಯೇ.

ಜೂನ್‌ನಲ್ಲಿ ಅವಳ ಟೂವಾಂಗ್ ಕೋಣೆ ಖಾಲಿ ಮಾಡಿಸಲು ಬ್ರಿಸ್ಬೇನಿಗೆ ಹೋದೆ. ನಾನು ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದೆ. ಅವಳು ಹೊಸ ಕಾಲೇಜಿನ ಸೀನಿಯರ್ ಹುಡುಗನೊಬ್ಬನಿಗೆ ಫೋನ್ ಮಾಡಿ, ಸ್ಪೀಕರಿನಲ್ಲಿಟ್ಟು, ಬಟ್ಟೆ ಮಡಚುತ್ತಾ ಮಾತಾಡುತ್ತಿದ್ದಳು. ಮೂರನೇ ವರ್ಷದಿಂದ ಆಸ್ಪತ್ರೆಗಳಲ್ಲಿ ಕೆಲಸ ಕಲಿಯಬೇಕಲ್ಲ, ಅದು ಯಾವ ಆಸ್ಪತ್ರೆ ಎಂದು ಕೇಳಿದಳು. ಹುಡುಗ ನಕ್ಕ. ಕಾಲೇಜು ಇನ್ನೂ ಹುಡುಕುತ್ತಿದೆ, ಯಾವ ಊರಿಗೆ ಹಾಕುತ್ತಾರೋ ಗೊತ್ತಿಲ್ಲ, ಬೇರೆ ರಾಜ್ಯಕ್ಕೂ ಹಾಕಬಹುದು ಎಂದ. ನನ್ನ ಕೈಯ ಲೋಟ ಅಲ್ಲೇ ನಿಂತಿತು. ಫೋನ್ ಇಟ್ಟ ಮೇಲೆ ಅವಳು ನನ್ನ ಕಡೆ ತಿರುಗಿ, "ಇಟ್ಸ್ ಫೈನ್ ಅಮ್ಮಾ" ಎಂದಳು. ಆಮೇಲೆ ಕನ್ನಡದಲ್ಲಿ, "ನೀನು ನಿದ್ದೆ ಮಾಡ್ತೀಯಲ್ಲ, ಸಾಕು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಪೈಕಿ ನಾನು. ವಾಪಸ್ ಬರುವಾಗ ಅಡಿಲೇಡ್‌ನಲ್ಲಿ ಇಳಿದೆ. ಅತ್ತೆ ಹಿತ್ತಲಿನ ಬಿಸಿಲಿನಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಪಕ್ಕದಲ್ಲಿ ಕೂತು, ಆವತ್ತು ಎ.ಸಿ. ಓಡುತ್ತಿತ್ತು ಎಂದು ಹೇಳಿಬಿಟ್ಟೆ.

"ಗೊತ್ತು ಕಣೇ" ಎಂದರು, ಕೈಯ ಕೆಲಸ ನಿಲ್ಲಿಸದೆ. "ಮಂಡಿಗೆ ಗಾಳಿ ಹೊಡೀತಾ ಇತ್ತು."

"ಮತ್ತೆ ಯಾಕತ್ತೆ ಸುಮ್ಮನಿದ್ರಿ?"

"ನಂಗೂ ಆ ಕಡೆನೇ ಬೀಳ್ಲಿ ಅಂತಿತ್ತು. ಒಂಟಿ ಹುಡುಗಿ, ಗುರುತಿಲ್ಲದ ಊರು." ಬಿಡಿಸಿದ ಸಿಪ್ಪೆಯನ್ನು ಮಡಿಲಿನಿಂದ ಕೊಡವಿದರು. "ದೇವರನ್ನ ಕೇಳಿದ್ದು ಆ ಮಗು ಒಂದೇ ಕಣೇ. ನಾವಿಬ್ರೂ ಗಾಳೀನ ಕೇಳ್ತಾ ಇದ್ವಿ."

ಮಗಳಿಗೆ ಹೇಳಿಬಿಡಲೇ ಎಂದು ಕೇಳಿದೆ. "ಏನ್ ಮಾಡಕ್ಕೆ? ಹಳೇ ಕಾಲೇಜು ವಾಪಸ್ ಕರೀತಾರಾ? ನಿನ್ನ ಎದೆ ಹಗುರ ಮಾಡ್ಕೊಳಕ್ಕೆ ಅವಳ ತಲೆ ಮೇಲೆ ಹೊರೆ ಹೊರಿಸ್ಬೇಡ" ಎಂದರು. ಅದೂ ಸರಿಯೇ. ಅದು ನನಗೆ ಅನುಕೂಲವಾಗಿಯೂ ಇತ್ತು. ಬಾಯಿ ಮುಚ್ಚಿಕೊಂಡೆ.

ಮೊದಲೆರಡು ವರ್ಷ ಅಣ್ಣ ಪ್ರತಿ ಭಾನುವಾರ ಅವಳಿಗೆ ಊಟ ಹಾಕಿದ. ಫೋಟೋ ಕಳಿಸುತ್ತಿದ್ದ, ನಾನು ನೋಡಿ ನೋಡಿ ಹಿಗ್ಗುತ್ತಿದ್ದೆ. ಮೂರನೇ ವರ್ಷ ಕಾಲೇಜು ಅವಳನ್ನು ಬೇರೆ ರಾಜ್ಯದ ಸಣ್ಣ ಊರೊಂದರ ಆಸ್ಪತ್ರೆಗೆ ಹಾಕಿತು. ಅಣ್ಣನ ಮನೆಗೆ ಹೋಗಬೇಕೆಂದರೆ ವಿಮಾನ ಹತ್ತಬೇಕು. ನಾನು ಯಾವ ಸಾರು ಅನ್ನಕ್ಕಾಗಿ ಅಷ್ಟೆಲ್ಲ ಮಾಡಿದೆನೋ ಅದೂ ಅವಳಿಗೆ ದಕ್ಕಲಿಲ್ಲ. ಒಮ್ಮೆ ಅಲ್ಲಿ ಮತ್ತೆ ಜ್ವರ ಬಂತು. ಈ ಸಲವೂ ನನಗೆ ತಿಳಿದದ್ದು ಬಿಟ್ಟ ಮೇಲೆಯೇ.

ಈಗ ಅವಳದು ಕೊನೆಯ ವರ್ಷ. ಅವಳಿಗೆ ಮಕ್ಕಳ ಡಾಕ್ಟರಾಗುವ ಆಸೆ. ಆಸ್ಪತ್ರೆಗಳ ಹೆಸರುಗಳನ್ನು ಬರೆದು ಕಳಿಸಿಯಾಗಿದೆ, ಫಲಿತಾಂಶ ಮುಂದಿನ ವಾರ. ಅಂದು ಫೋನಿನಲ್ಲಿ ನಕ್ಕಿದ್ದ ಆ ಸೀನಿಯರ್ ಹುಡುಗನಿಗೆ ಎಲ್ಲೂ ಕೂಡಿಬರಲಿಲ್ಲ, ಯಾವುದೋ ಲ್ಯಾಬಿನಲ್ಲಿ ಕೆಲಸಕ್ಕಿದ್ದಾನೆ ಎಂದು ಅವಳೇ ಹೇಳಿದಳು. ಅಂದಿನಿಂದ ನನಗೆ ಊಟ ಸೇರುತ್ತಿಲ್ಲ. ಈ ಸಲ ನಾಟಕವಲ್ಲ.

ನಿನ್ನೆ ಬೆಳಿಗ್ಗೆ ದೀಪ ಹಚ್ಚಿ ನಿಂತಿದ್ದೆ, ಅವಳ ಫೋನು ಬಂತು. ಆಸ್ಪತ್ರೆಯ ಮಾತು, ಅಪ್ಪನ ಬಿ.ಪಿ. ಮಾತು ಎಲ್ಲ ಆಯಿತು. ಆಮೇಲೆ, "ಅಮ್ಮಾ, ಅಜ್ಜಿಗೆ ಹೇಳಿ ಒಂದ್ಸಲ ಹೂ ಕೇಳಿಸ್ತೀಯಾ?" ಎಂದಳು.

"ಕೇಳಿಸ್ತೀನಿ ಪುಟ್ಟಾ. ಇವತ್ತೇ ಫೋನ್ ಮಾಡ್ತೀನಿ."

"ಈ ಸಲ ಅಡಿಲೇಡ್‌ನಲ್ಲೇ ಕೇಳ್ಲಿ. ಅಲ್ಲಿ ದೇವರ ಹತ್ರ ಎ.ಸಿ. ಇಲ್ಲ."

ಮಣೆಯ ಮೇಲೆ ಕೂತೆ. "ನಿಂಗೆ ಗೊತ್ತಿತ್ತಾ?" ಎಂದೆ.

"ನನ್ನ ಕೂದಲೆಲ್ಲ ಮುಖಕ್ಕೆ ಹಾರ್ತಿತ್ತಲ್ಲಮ್ಮ."

"ಮತ್ತೆ ಒಂದು ಮಾತು ಹೇಳಬಾರದಿತ್ತೇನೇ?"

"ರಿಮೋಟ್ ನಿನ್ನ ಕೈಲಿತ್ತು" ಎಂದಳು. ಸಿಟ್ಟಿನಿಂದಲ್ಲ, ಮೆಲ್ಲಗೆ. "ನಾನು ಹೂವು ನೋಡ್ತಾನೇ ಇರ್ಲಿಲ್ಲ ಅಮ್ಮಾ. ನಿನ್ನ ಕೈಯನ್ನೇ ನೋಡ್ತಾ ಇದ್ದೆ."