ಬಿಸಿಲಿಗಿಟ್ಟ ಸೆಲ್ಲು

ಮೊನ್ನೆ ಮಧ್ಯಾಹ್ನ ರಾಯಚೂರಿನ ನಮ್ಮ ಮನೆಯ ಮಾಳಿಗೆಗೆ ಬಟ್ಟೆ ತೆಗೆಯಲು ಹೋದರೆ, ಒಣಹಾಕಿದ್ದ ಮೆಣಸಿನಕಾಯಿಯ ಘಾಟಿಗೆ ಸೀನು ಬಂತು. ಕಣ್ಣೊರೆಸಿಕೊಂಡು ನೋಡುತ್ತೇನೆ, ಮೆಣಸಿನಕಾಯಿಯ ಪಕ್ಕದಲ್ಲೇ ಅತ್ತೆ ಚಾರ್ಜಿಂಗ್ ಟಾರ್ಚಿನ ಸೆಲ್ಲನ್ನು ಬಿಚ್ಚಿ, ಕಾದ ಹಾಸುಬಂಡೆಯ ಮೇಲೆ ಇಟ್ಟಿದ್ದಾರೆ. ಬೆಳಿಗ್ಗೆಯಿಂದ ಕರೆಂಟಿರಲಿಲ್ಲ. ನಾನು ಕಿರುಚಿದ್ದು ಎದುರು ಮನೆಯವರಿಗೂ ಕೇಳಿಸಿತಂತೆ. ಕೈಗೆ ಸಿಕ್ಕ ಬಟ್ಟೆಯಲ್ಲಿ ಅದನ್ನು ಹಿಡಿದು ನೆರಳಿಗೆ ತಂದಿಟ್ಟೆ. ನನ್ನ ತವರು ಕಲ್ಲೂರಿನ ದೊಡ್ಡವ್ವ ನೆನಪಾಗಿದ್ದಳು...

ಅವಳೇನು ನಮ್ಮ ರಕ್ತಸಂಬಂಧಿಯಲ್ಲ. ಎರಡು ಮನೆಗೂ ಗೋಡೆ ಒಂದೇ ಆಗಿದ್ದರಿಂದ ದೊಡ್ಡವ್ವ. ಮನೆಮನೆಗೆ ಪಾಯಖಾನೆ ಬರುವ ಮೊದಲು, ನಸುಕಿನಲ್ಲಿ ಓಣಿಯ ಹೆಂಗಸರು ಬಯಲಿಗೆ ಹೊರಟರೆ ಮುಂದೆ ಅವಳ ಟಾರ್ಚು. ನಾನು ಭಾರೀ ಪುಕ್ಕಲಿ. ಅದಕ್ಕೇ ಅವಳು ಬೆಳಕನ್ನು ಹಿಂದಕ್ಕೆ ತಿರುಗಿಸಿ ನನ್ನ ಕಾಲ ಮುಂದೆ ಬಿಡುತ್ತಿದ್ದಳು, ತಾನು ಕತ್ತಲಲ್ಲೇ ನಡೆಯುತ್ತಿದ್ದಳು. ಬೆಳಕು ಹಳದಿಗೆ ತಿರುಗಿತೆಂದರೆ ಸೆಲ್ಲುಗಳನ್ನು ತೆಗೆದು ಮಾಳಿಗೆಯ ಬಿಸಿಲಿಗಿಡುವಳು. ಇನ್ನೊಂದಿಷ್ಟು ದಿನ ಜೀವ ಹಿಡಿದುಕೊಳ್ಳುತ್ತಿದ್ದವು. ನಮ್ಮ ಓಣಿಯಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು.

ಅವಳಿಗೆ ಹೆಸರಿದ್ದದ್ದು ಮಾತ್ರ ಜೋಳದ ರೊಟ್ಟಿಯಿಂದ. ಮದುವೆ ಮನೆಗಳವರು ಬಂದು ಕರೆದುಕೊಂಡು ಹೋಗುತ್ತಿದ್ದರು. ಅವಳ ಅಂಗೈ ಕೆಳಗೆ ಹಿಟ್ಟು ತಾನಾಗಿಯೇ ದುಂಡಗಾಗುತ್ತಿತ್ತು, ಅಂಚು ಒಡೆದದ್ದು ನಾನು ಕಂಡಿಲ್ಲ.

ನಾನು ಯರಗೇರಾದಲ್ಲಿ ಎಂ.ಎಸ್ಸಿ. ಓದಲು ಸೇರಿದ ಹೊಸದು. ಊರಿಗೆ ಬಂದಾಗಲೆಲ್ಲ ಯಾರಿಗಾದರೂ ಬುದ್ಧಿ ಹೇಳದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ. ಸತ್ತ ಸೆಲ್ಲುಗಳನ್ನು ತಿಪ್ಪೆಗೆ ಎಸೆಯುತ್ತೀಯ, ಅದೇ ಗೊಬ್ಬರ ಹೊಲಕ್ಕೆ ಹೋಗುತ್ತದೆ ಎಂದು ದೊಡ್ಡವ್ವನ ಬೆನ್ನು ಹತ್ತಿದೆ. ಕೊನೆಗೆ ರಾಯಚೂರಿನಿಂದ ಲಿಥಿಯಂ ಸೆಲ್ಲಿನ ಟಾರ್ಚು, ಚಾರ್ಜರ್ ಎರಡನ್ನೂ ತಂದುಕೊಟ್ಟೆ.

"ಹಳೇವು ಏನ್ ಪಾಪ ಮಾಡಿದ್ವು ಯವ್ವಾ?" ಎಂದು ನಕ್ಕಳು. ಆದರೂ ಓದಿದ ಹುಡುಗಿ ತಂದದ್ದೆಂದು ಓಣಿಗೆಲ್ಲ ತೋರಿಸಿ ಬಂದಳು. ಕೆಂಪು ದೀಪ ಹಸಿರಾಗುವವರೆಗೆ ಚಾರ್ಜಿಗಿಡಬೇಕು ಎಂದು ಅವಳ ಬಾಯಿಂದಲೇ ಹೇಳಿಸಿದೆ. ಬಿಸಿಲಿನ ಮಾತು ಮಾತ್ರ ನನಗೆ ಹೊಳೆಯಲಿಲ್ಲ. ಆ ಓಣಿಯಲ್ಲೇ ಬೆಳೆದವಳಿಗೆ ಹೊಳೆಯಬೇಕಿತ್ತು.

ಅವಳಿಗೆ ಹೊಳೆದಿತ್ತು. ಮರುದಿನ ರೊಟ್ಟಿಯ ಗಂಟು ಹಿಡಿದು ನನ್ನನ್ನು ಬಸ್ಸಿಗೆ ಹತ್ತಿಸಲು ಬಂದವಳು, ಕಿಟಕಿಯ ಹತ್ತಿರ ಬಂದು ಕೇಳಿದಳು: "ಯವ್ವಾ, ಕರೆಂಟ್ ಇಲ್ದಾಗ ಇದನ್ನೂ ಬಿಸಲಿಗಿ ಇಡ್ಲೇನು?"

ನಾನು ಫೋನಿನಲ್ಲಿ ಗೆಳತಿಯೊಂದಿಗೆ ಹರಟುತ್ತಿದ್ದೆ. "ಹೂಂ, ಇಡು ಇಡು" ಅಂದೆ. ಬಸ್ಸು ಕಲ್ಮಲ ದಾಟುವಾಗ, ದೊಡ್ಡವ್ವ ಬಿಸಿಲು ಅಂತ ಏನೋ ಕೇಳಿದಳಲ್ಲ ಅನ್ನಿಸಿತು. ಫೋನು ಕೈಯಲ್ಲೇ ಇತ್ತು. ಆಮೇಲೆ ಮಾಡಿದರಾಯಿತು ಅಂದುಕೊಂಡೆ... ಮಾಡಲಿಲ್ಲ.

ಆ ಬೇಸಿಗೆಯಲ್ಲೇ ಆಯಿತು. ಊರಲ್ಲಿ ಕರೆಂಟು ಹೋಗಿ ಬಾರದಿದ್ದಾಗ ಅವಳು ಸೆಲ್ಲನ್ನು ಕಾದ ಬಂಡೆಯ ಮೇಲಿಟ್ಟಿದ್ದಾಳೆ. ಸಂಜೆ ಎತ್ತಿಕೊಂಡಾಗ ಅದು ಬಲ ಅಂಗೈಯಲ್ಲೇ ಸಿಡಿದಿದೆ. ರಾಯಚೂರಿನ ದವಾಖಾನೆಗೆ ನಾನು ಹೋದಾಗ ಕೈಗೆ ಮೊಣಕೈವರೆಗೆ ಪಟ್ಟಿ ಸುತ್ತಿದ್ದರು. ಅವಳ ಸೊಸೆಯೂ ನನ್ನ ಅವ್ವನೂ ಮಂಚದ ಪಕ್ಕ ನಿಂತಿದ್ದರು. ಅವ್ವ ನನ್ನನ್ನು ಕಂಡವಳೇ ಕೇಳಿದಳು: "ಬಿಸಲಿಗಿ ಇಡಬಾರ್ದಂತ ಹೇಳಿರ್ಲಿಲ್ಲೇನು ನೀ?"

ನಾನು ಬಾಯಿ ತೆರೆಯುವ ಮೊದಲೇ ದೊಡ್ಡವ್ವ ಅಂದಳು: "ಅಕಿ ಹೇಳಿದ್ಲು. ನಾನಾ ಕೇಳ್ಲಿಲ್ಲ."

ನಾನು ತಲೆ ತಗ್ಗಿಸಿ ಸುಮ್ಮನೆ ನಿಂತೆ. ಆ ಗಳಿಗೆಯಲ್ಲಿ ನನಗೆ ಅಳು ಬರಲಿಲ್ಲ, ಬಚಾವಾದೆ ಅನ್ನಿಸಿತು. ಇವತ್ತಿಗೂ ನನ್ನ ಮೇಲೆ ನನಗೆ ಹೇಸಿಗೆ ಬರುವುದು ಅದಕ್ಕೇ.

ಗಾಯ ಮಾಯಿತು, ಎರಡು ಬೆರಳು ಮಾತ್ರ ಮಡಚಿಕೊಂಡೇ ಉಳಿದವು. ರೊಟ್ಟಿ ಬಡಿಯುವುದು ನಿಂತಿತು. ಮದುವೆ ಮನೆಯವರು ಬೇರೆಯವರನ್ನು ಹುಡುಕಿಕೊಂಡರು. ನಾನು ಹೋದಾಗ ದೊಡ್ಡವ್ವ, ಸೊಸೆ ಬಡಿದ ರೊಟ್ಟಿ ಬಡಿಸಿ, ಅಂಚು ಒಡೆದಿದೆ ನೋಡು ಎಂದು ನಗುತ್ತಿದ್ದಳು. ನಾನು ಆ ದಿನದ ಮಾತು ತೆಗೆಯಲು ಹೋದರೆ ಕೂಡಲೇ, "ಚಾ ಆರಾಕತ್ತೈತಿ, ಕುಡಿ" ಅನ್ನುವಳು. ನಾನೂ ಕುಡಿದು ಎದ್ದು ಬರುತ್ತಿದ್ದೆ. ಹಾಗೇ ದಿನ ತಳ್ಳಿದೆ. ಕಳೆದ ಚಳಿಗಾಲದಲ್ಲಿ ಅವಳು ಹೋದ ಸುದ್ದಿ ಬಂದಾಗ ಕೆಲಸದ ಮೇಲೆ ದೇವದುರ್ಗದಲ್ಲಿದ್ದೆ. ಮಣ್ಣಿಗೆ ಹೋಗಿ ಮುಟ್ಟುವುದರೊಳಗೆ ಮುಖ ಮುಚ್ಚಿದ್ದರು...

ಮೊನ್ನೆ ನನ್ನ ಕಿರುಚಾಟಕ್ಕೆ ಅತ್ತೆ ಮುಖ ಊದಿಸಿಕೊಂಡು ಕೂತಿದ್ದರು. "ಇಡಬಾರ್ದಂತ ಮೊದ್ಲಾ ಒಂದ್ ಮಾತು ಹೇಳಿದ್ರ ನಾ ಯಾಕ ಇಡ್ತಿದ್ದೆ?" ಅಂದರು.

"ತಪ್ಪಾತ್ರಿ ಅತ್ತಿ, ನಾ ಹೇಳ್ಬೇಕಿತ್ತು" ಅಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು. ಗೋಡೆಯಾಚೆಗೆ ದೊಡ್ಡವ್ವ ಬದುಕಿದ್ದಷ್ಟು ದಿನ ಬಾಯಿಗೆ ಬರಲಿಲ್ಲ.