ಬೀರಪ್ಪ ಕಣ್ಣು ಮುಚ್ಚಿ ಸವರಿದ ಎಲುಬು

1978ರ ಬೇಸಿಗೆ ಇರಬೇಕು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಇದು ದೇವದುರ್ಗದ ಕಡೆ ನಡೆದದ್ದೆಂದು ವರ್ಷಗಟ್ಟಲೆ ಹೇಳುತ್ತಿದ್ದೆ. ಹಳೆಯ ನೋಟ್‌ಬುಕ್ಕಿನಲ್ಲಿ ಮಾನ್ವಿ ತಾಲೂಕಿನ ಕುರ್ಡಿ ಎಂದಿದೆ. ನೋಟ್‌ಬುಕ್ಕೇ ಸರಿಯಿದ್ದೀತು.

ಪ್ರಾಣಿಗಳ ದೇಹದ ಆಕಾರ ಕಾಲಾಂತರದಲ್ಲಿ ಹೇಗೆ ಬದಲಾಗುತ್ತದೆ ಎಂಬುದು ನನ್ನ ಸಂಶೋಧನೆಯ ವಿಷಯ. ಎರಡು ವರ್ಷ ಹಳ್ಳದ ದಂಡೆ ಕೆದಕಿ, ಕಲ್ಲಿನಷ್ಟು ಗಟ್ಟಿಯಾಗಿದ್ದ ದನದ ಎಲುಬುಗಳನ್ನು ಕೂಡಿಸಿದ್ದೆ. ಕೆಳಗಿನ ಪದರದಲ್ಲಿ ಸಿಕ್ಕ ಮುಂಗಾಲಿನ ಎಲುಬುಗಳು ಗಿಡ್ಡ, ದಪ್ಪ. ಮೇಲಿನ ಬೂದಿಮಣ್ಣಿನಲ್ಲಿ ಸಿಕ್ಕವು ಉದ್ದ, ತೆಳ್ಳಗೆ. ನಿಸರ್ಗವೇ ಸಾವಿರಾರು ವರ್ಷಗಳಲ್ಲಿ ಆ ಕಾಲುಗಳನ್ನು ನೀಳ ಮಾಡಿತು ಎಂದು ಪ್ರಬಂಧ ಬರೆದು ಮುಗಿಸಿದ್ದೆ. ಮರುದಿನ ರಾಯಚೂರಿನಲ್ಲಿ ರೈಲು ಹತ್ತಿ, ಅದನ್ನು ಗುರುಗಳ ಕೈಗೆ ಕೊಡುವುದಷ್ಟೇ ಬಾಕಿ.

ಕೊನೆಯ ಸಲ ಅಳತೆ ನೋಡಲು ಬೇವಿನ ನೆರಳಲ್ಲಿ ಎಲುಬುಗಳನ್ನು ಹರಡಿಕೊಂಡು ಕೂತಿದ್ದೆ. ಕುರಿ ಮೇಯಿಸುತ್ತಿದ್ದ ಬೀರಪ್ಪ ಎಂಬ ಹಿರಿಯ ಅಲ್ಲಿಗೆ ಬಂದ.

"ಏನ್ ಮಾಡಾಕತ್ತೀರಿ ಸಾಹೇಬ್ರ?"

ನಾನು ಹುರುಪಿನಿಂದ ಎಲ್ಲವನ್ನೂ ವಿವರಿಸಿದೆ. ಆತ ಗಿಡ್ಡನೆಯದೊಂದು, ಉದ್ದನೆಯದೊಂದು ಎಲುಬು ಎತ್ತಿಕೊಂಡು, ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಸವರಿದ.

"ಇದು ಹೋರಿ, ಇದು ಎತ್ತು. ಎಳೇದಿದ್ದಾಗ ಬೀಜ ಒಡದ್ರ ಕಾಲು ಹಿಂಗ ಉದ್ದ ಬರ್ತಾವ್ರೀ. ಕುರಿಗೂ ಅಷ್ಟ, ದನಕ್ಕೂ ಅಷ್ಟ. ತಾನಾಗಿ ಬೆಳದದ್ದಲ್ಲ ಇದು, ನಮ್ಮಂಥವ ಯಾವನೋ ಮಾಡಿದ್ದು."

ನಾನು ನಕ್ಕುಬಿಟ್ಟೆ. "ಬರೇ ಮುಟ್ಟಿ ಹೆಂಗ ಹೇಳ್ತಿ ಯಪ್ಪಾ?"

"ಎರಡು ವರ್ಷ ಸತ್ತ ದನ ಅಳದೀರಿ. ಜೀವ ಇದ್ದ ಕಾಲು ಒಂದರೆ ಹಿಡದೀರೇನು? ಬರ್ರಿ ಇಲ್ಲೆ."

ಆತ ಒಂದು ಟಗರನ್ನು ಹಿಡಿದು ಅದರ ಮುಂಗಾಲನ್ನು ನನ್ನ ಕೈಗಿಟ್ಟ. ಆಮೇಲೆ ಬೀಜ ಒಡೆದ ಇನ್ನೊಂದರದು. "ಎರಡೂ ಅವಳಿ. ಕಣ್ಣು ಮುಚ್ಚಿ ಹಿಡೀರಿ."

ಹಿಡಿದೆ. ಎರಡನೆಯದು ತೆಳ್ಳಗಿತ್ತು, ಮೊದಲಿನದಕ್ಕಿಂತ ಒಂದು ಬೆರಳಗಲದಷ್ಟು ಉದ್ದವಿತ್ತು.

ಮರುದಿನ ರೈಲು ಹತ್ತಲಿಲ್ಲ. ಹಲವು ತಿಂಗಳು ಮಾನ್ವಿ, ದೇವದುರ್ಗದ ಹಳ್ಳಿಗಳನ್ನು ಸುತ್ತಿ, ಸತ್ತ ಹೋರಿ ಮತ್ತು ಎತ್ತುಗಳ ಎಲುಬುಗಳನ್ನು ಅಳೆದೆ. ಆತ ಹೇಳಿದ್ದು ಪ್ರತಿ ಸಲವೂ ನಿಜವಾಯಿತು. ನಾನು ಬರೀ ಮಣ್ಣೆಂದು ಬದಿಗೆ ಸರಿಸಿದ್ದ ಆ ಬೂದಿ, ಹಿಂದೆ ಯಾರೋ ದನ ಕಟ್ಟಿ ಸಾಕಿದ ಹಟ್ಟಿಯಲ್ಲಿ ಸಗಣಿ ಸುಟ್ಟು ಉಳಿದದ್ದು. ಎಲುಬಿನಲ್ಲಿ ನಿಸರ್ಗವನ್ನಷ್ಟೇ ಹುಡುಕುತ್ತಿದ್ದ ನನಗೆ ಅಲ್ಲಿ ಮನುಷ್ಯರಿದ್ದದ್ದು ಕಂಡೇ ಇರಲಿಲ್ಲ. ಪ್ರಬಂಧವನ್ನು ಮೊದಲಿನಿಂದ ಬರೆದೆ.

ಆತನ ಮುಖ ಈಗ ನೆನಪಿಲ್ಲ. ಹೆಸರು ಬೀರಪ್ಪನೋ ಬೀರಣ್ಣನೋ, ಅದೂ ಅನುಮಾನ. ಎಲುಬುಗಳ ಅಳತೆ ತುಂಬಿದ ನೋಟ್‌ಬುಕ್ಕಿನಲ್ಲಿ ಅದೊಂದನ್ನು ಬರೆದುಕೊಂಡಿಲ್ಲ. ಆದರೆ ಇವತ್ತಿಗೂ ಯಾರಾದರೂ ಆ ಎರಡು ಕಾಲುಗಳನ್ನು ನನ್ನ ಕೈಗಿಟ್ಟರೆ, ಯಾವುದು ಟಗರಿನದೆಂದು ಕಣ್ಣು ಮುಚ್ಚಿ ಹೇಳಬಲ್ಲೆ.