ಎರಡನೆಯ ಹಾಡಿನ ನಡುವೆ ಉಮ್ಮ

ಸ್ನೇಹಿತರೇ, ಹದಿನೈದು ವರ್ಷಗಳಿಂದ ಅರ್ಧವೇ ಕೇಳುತ್ತಿದ್ದ ಒಂದು ಹಾಡನ್ನು ಇವತ್ತು ಪೂರ್ತಿ ಕೇಳಿದೆ. ಅದಕ್ಕೆ ಉಮ್ಮನಿಂದ ಬೈಗುಳವೂ ಸಿಕ್ಕಿತು.

ಅಣ್ಣ ದುಬೈಯಿಂದ ರಜೆಯಲ್ಲಿ ನಮ್ಮೂರು ಸಿದ್ಧಕಟ್ಟೆಗೆ ಬಂದಿದ್ದಾನೆ. ಜೊತೆಗೆ ನಾಲ್ಕು ಸಿ.ಡಿ.ಗಳ ಒಂದು ಪೆಟ್ಟಿಗೆ. ಯಾರೂ ಕೇಳದೆ ಮೂಲೆ ಸೇರಿದ್ದ ಪವರ್ ಪಾಪ್ ಎಂಬ ಗಿಟಾರಬ್ಬರದ ಇಂಗ್ಲಿಷ್ ಹಾಡುಗಳ ಒಂದು ಬ್ಯಾಂಡಿನ ಹಳೆಯ ಹಾಡುಗಳನ್ನೆಲ್ಲ ಶುಚಿ ಮಾಡಿ ಮತ್ತೆ ಹೊರತಂದಿದ್ದಾರೆ. ಇಡೀ ಊರಿನಲ್ಲಿ ಅದರ ಅಭಿಮಾನಿಗಳು ನಾವಿಬ್ಬರೇ. ಅಣ್ಣ ಹಿಂದೆ ಕಳಿಸಿದ್ದ ಒಂದು ಕ್ಯಾಸೆಟ್ಟೇ ನಮ್ಮ ಆಸ್ತಿ. ಆಗ ಗಲ್ಫಿಗೆ ಕಾಗದದ ಬದಲು ಮಾತನ್ನೇ ರೆಕಾರ್ಡ್ ಮಾಡಿ ಕಳಿಸುವುದಿತ್ತು. ಖಾಲಿ ಕ್ಯಾಸೆಟ್ ಸಿಗದ ಒಂದು ದಿನ ಉಮ್ಮ ಇದರ ಎರಡನೆಯ ಹಾಡಿನ ಮೇಲೆಯೇ ಮಾತಾಡಿ ಅಣ್ಣನಿಗೆ ಕಳಿಸಿಬಿಟ್ಟರು. ಆ ವರ್ಷ ಊರಿಗೆ ಬರುವಾಗ ಅಣ್ಣ ಅದನ್ನು ಜೋಪಾನವಾಗಿ ವಾಪಸ್ ತಂದ. ಆಮೇಲೆ ನಾವು ಕೇಳಿದ್ದೆಲ್ಲ ಹಾಗೆಯೇ: ಗಿಟಾರು, ಗಿಟಾರು, ನಡುವೆ ಮಗನಿಗೆ ಉಮ್ಮನ ಪ್ರಶ್ನೆ, "ಹಪ್ಪಳ ಸಿಕ್ಕಿತಾ ಮೋನೇ?"

ಇವತ್ತು ಊಟದ ನಂತರ ಸಿ.ಡಿ. ಹಾಕಿದೆವು. ಆ ಜಾಗ ಬಂತು, ಹಾಡು ನಿಲ್ಲಲಿಲ್ಲ. ಬ್ಯಾಂಡಿನ ನಾಲ್ವರೂ ಒಟ್ಟಿಗೆ ದನಿಯೆತ್ತಿದರು. ಹಾಡಿನ ಜೀವವೇ ಅಲ್ಲಿತ್ತು!

"ಇಷ್ಟು ಒಳ್ಳೆಯದನ್ನು ಅಳಿಸಿದ್ದು ನೀವೇ ಅಲ್ವಾ ಉಮ್ಮ?" ಎಂದು ರೇಗಿದೆ.

ಉಮ್ಮ ಬಿಡಲಿಲ್ಲ. "ನನ್ನ ಮಾತು ಕೇಳಿಯೇ ಅಲ್ವಾ ಇವ ಆ ವರ್ಷ ಊರಿಗೆ ಬಂದದ್ದು? ಹಾಡು ಕೇಳಿ ಬಂದದ್ದಾ?"

ಅಣ್ಣ ಹಾಡನ್ನು ಹಿಂದಕ್ಕೆ ಓಡಿಸಿ ಅದೇ ಜಾಗವನ್ನು ಇನ್ನೊಮ್ಮೆ ಕೇಳಿದ. "ಎಂತದೋ ಕಮ್ಮಿ ಉಂಟು ಮಾರಾಯ" ಎಂದ.

ಈ ಬ್ಯಾಂಡಿನ ಒಂದು ಸದ್ದನ್ನೂ ಬಿಟ್ಟಿಲ್ಲ ಎಂದು ಪೆಟ್ಟಿಗೆಯೊಳಗಿನ ಪುಸ್ತಕದಲ್ಲಿ ಹೆಮ್ಮೆಯಿಂದ ಬರೆದಿದ್ದಾರೆ. ಪಾಪ, ಹಪ್ಪಳದ ವಿಚಾರ ಅವರಿಗೆ ಗೊತ್ತಿಲ್ಲ.